ಎರಡು ರಿಂಗ್, ಆಮೇಲೆ ಕಟ್

"ಏನ್ಲಾ ಮಂಟೇಸ, ಎಂಟ್ನೇ ಕ್ಲಾಸೂ ದಾಟ್ದೇ ಇರೋ ನಾಯ್ಗೆ ನಮ್ಮನೆ ಫೋನ್ ಬೇಕೇನ್ಲಾ?"

ಚಾಮರಾಜನಗರದಲ್ಲಿ ನಾನು ಕೆಲಸಕ್ಕಿದ್ದ ಇನಾಯತ್ ಉಲ್ಲಾ ಸಾಹೇಬರ ಗ್ಯಾರೇಜಿನ ಮುಂದೆ ಶಂಭುಲಿಂಗಪ್ಪನವರು ಕೂಗಿದ್ದು ಎದುರಿನ ಟೀ ಅಂಗಡಿಗೂ ಕೇಳಿಸಿತು. ಕುಡಿಯುತ್ತಿದ್ದವರು ಲೋಟ ಹಿಡಿದೇ ರಸ್ತೆಗೆ ಬಂದರು. ಶಂಭುಲಿಂಗಪ್ಪನವರ ಹಿಂದೆ ಅವರ ಮಗಳು ಶಾಂತಿ, ಕಾಲೇಜು ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದಳು.

ಉಡಿಗಾಲದ ಅವರ ಮನೆಯಲ್ಲಿ ಫೋನು ನಡುಮನೆಯ ಟೀಪಾಯಿ ಮೇಲೆ, ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದನ್ನು ಎತ್ತುವವರು ಶಂಭುಲಿಂಗಪ್ಪನವರೊಬ್ಬರೇ. ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಅದಕ್ಕೇ ದಿನಾ ಸಂಜೆ ಗ್ಯಾರೇಜಿನಿಂದ ಎರಡು ರಿಂಗ್ ಕೊಟ್ಟು, ಅವರು ಜಗಲಿಯಿಂದ ಏಳುವಷ್ಟರಲ್ಲಿ ಕಟ್ ಮಾಡುತ್ತಿದ್ದೆ. ಅಡುಗೆಮನೆಯಲ್ಲಿ ಅವಳಿಗೆ ಕೇಳಿದರೆ ಸಾಕಿತ್ತು.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಂಬಿಗೆ ಉಗುರಿನಿಂದ ಎರಡು ಸಲ ತಟ್ಟಿ, ಓರೆಗಣ್ಣಲ್ಲಿ ಹಿಂದೆ ನೋಡುತ್ತಿದ್ದಳು.

"ನಿನ್ನೆ ಮೂರು ರಿಂಗ್ ಯಾಕಂತೆ?" ಎಂದಿದ್ದಳು ಒಮ್ಮೆ, ಇಳಿಯುವಾಗ.

"ಕಟ್ ಮಾಡಕ್ಕೆ ಮನ್ಸು ಬರ್ನಿಲ್ಲ."

"ಮನ್ಸಂತೆ! ಅಪ್ಪ ಎದ್ದೇಬುಟ್ಟಿದ್ರು."

ದಸರಾ ರಜೆಯಲ್ಲಿ ಅವರ ಮನೆಗೆ ನಂಬರ್ ತೋರಿಸುವ ಹೊಸ ಫೋನು ಬಂತು. ಬಸ್ಸಿಗೆ ಬಾರದ ಶಾಂತಿ ಅದನ್ನು ನನಗೆ ಹೇಗೆ ತಿಳಿಸಿಯಾಳು? ನಾನು ದಿನಾ ಸಂಜೆ ರಿಂಗ್ ಕೊಡುತ್ತಲೇ ಇದ್ದೆ. ಅಡುಗೆಮನೆಯಲ್ಲಿ ಅವಳು ತಡೆಯಲಾಗದೆ ಕೇಳುತ್ತಲೇ ಇದ್ದಳು. ರಜೆ ಮುಗಿದ ದಿನವೇ ಅಪ್ಪ ಆ ನಂಬರು ಹಿಡಿದು, ಅವಳನ್ನೂ ಕರೆದುಕೊಂಡು ಗ್ಯಾರೇಜಿಗೆ ಬಂದಿದ್ದರು.

"ಹೋಗ್ಲಿ ಬುಡಿ ಯಜಮಾನ್ರೆ, ರಾಂಗ್ ನಂಬರ್ ಇರ್ಬೇಕು," ಎಂದರು ಸಾಹೇಬರು.

"ದಿನಾ ಸಂಜೆ ರಾಂಗ್ ನಂಬರಾ? ಹೇಳ್ಲಾ, ಯಾರ್ಗೆ ಮಾಡ್ತಿದ್ದೆ? ಇವ್ಳಿಗಾ? ಊಂ ಅನ್ನು, ಇವತ್ತಿಂದ ಇವ್ಳ ಕಾಲೇಜು ಬಂದ್."

ಅವರ ಕೊರಳಪಟ್ಟಿ ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಶಾಂತಿಯ ಬಿ.ಎ. ಕೊನೇ ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿತ್ತು. ಆ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳು. ಹೌದೆಂದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಶಾಂತಿ ಅಪ್ಪನನ್ನು ದಾಟಿ ಮುಂದೆ ಬಂದಳು. ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ.

"ಹೇಳು ಮಂಟೇಸ. ಯಾರ್ಗೆ ಮಾಡ್ತಿದ್ದೆ? ಕಾಲೇಜು ಹೋದ್ರೆ ಹೋಗ್ಲಿ. ನನ್ನೆಸ್ರು ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಬೇಕು."

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅವಳೂ.

ನಾನು ತಲೆ ತಗ್ಗಿಸಿ ಗುಂಡ್ಲುಪೇಟೆ ರಸ್ತೆಗೆ ತಿರುಗಿದೆ. ಹಿಂದಿನಿಂದ ಅವಳು ಅದನ್ನೇ ಮತ್ತೆ ಕೇಳಿದಳು. ನಾನು ನಡೆಯುತ್ತಲೇ ಇದ್ದೆ.