ಗಬ್ಬದ ಹಸುವಿನ ಗ್ರಾಫ್

ಮುನಿರಾಜು ಒಂದು ಸಲ ಸೀನಿದರೆ ಸಾಕು, ಚಾಂಪಿಯನ್ ರೀಫ್ಸ್ ಗಣಿಯ ತಳದಲ್ಲಿ ನೀರೊಳಗೆ ಸತ್ತು ಬಿದ್ದ ಕಂಪ್ಯೂಟರ್ ಕೂಡ ಎದ್ದು ಕೂತು ‘ಏನ್ ಸಾರ್’ ಅನ್ನುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಅವನ ರಿಪೇರಿ ಅಂಗಡಿ ಮುಂದೆ ನಿಂತ ಸಾಲಿನ ಬಾಲ ಬಂಗಾರಪೇಟೆ ರೈಲ್ವೆ ಗೇಟಿನಲ್ಲಿರುತ್ತಿತ್ತು.

ಆ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಶಶಿರೇಖ ಬಂದಳು. ಬಂಗಾರಪೇಟೆ ಪಕ್ಕದ ಹಳ್ಳಿಯವಳು, ಎಂಎಸ್ಸಿ ಓದುವವಳು. ಮನೆಯ ಹಸು ಗೌರಿ ವರ್ಷವಿಡೀ ಎಷ್ಟೆಷ್ಟು ಹಾಲು ಕೊಟ್ಟಿತು ಎಂಬುದೇ ಅವಳ ಪ್ರಾಜೆಕ್ಟ್. ಅದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಮಾಡಲು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಫ್ಟ್‌ವೇರ್ ಬೇಕಿತ್ತು.

“ಇನ್‌ಸ್ಟಾಲ್ ಆಗೈತೆ ಅಂತದೆ, ರನ್ ಮಾಡಿದ್ರೆ ಇಲ್ಲವೇ ಇಲ್ಲ ಅಂತದೆ. ನಿಮಗೆ ಗೊತ್ತಾ ಸಾರ್?”

“ಅದನ್ನ ಬರೆದೋರಿಗೇ ಡೌಟ್ ಬಂದ್ರೆ ನನಗೆ ಫೋನ್ ಮಾಡ್ತಾರೆ, ಮೇಡಂ.”

ಅವಳು ನಗು ತಡೆಯಲು ದುಪಟ್ಟಾದ ಅಂಚು ಕಚ್ಚಿದಳು. ಕಣ್ಣುಗಳು ಮಾತ್ರ ನಕ್ಕೇಬಿಟ್ಟವು. ಆ ಬೆಳಕಿಗೆ ಉರಿಗಾಂ ಬೀದಿದೀಪಗಳೆಲ್ಲ ಹಗಲಲ್ಲೇ ಹತ್ತಿಕೊಂಡವು.

ಮೂರು ದಿನ ಅದೇ ಕೆಂಪಕ್ಷರದ ಎರರ್. ನಾಲ್ಕು ಸಲ ಇನ್‌ಸ್ಟಾಲ್ ಮಾಡಿದ. ‘ಗೊತ್ತಿಲ್ಲ’ ಎಂಬ ಒಂದು ಮಾತು ಗಂಟಲು ದಾಟಲಿಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪೇಂಟ್‌ನಲ್ಲಿ ಕೈಯಾರೆ ಗ್ರಾಫಿನ ಗೆರೆ ಎಳೆದ. ಅಂದವಾಗಿ, ಬೆಟ್ಟ ಹತ್ತುವಂತೆ. “ನೀವಿಲ್ದಿದ್ರೆ ಏನ್ ಗತಿ!” ಎಂದು ಅವಳು ಲ್ಯಾಪ್‌ಟಾಪನ್ನೂ ಗ್ರಾಫ್ ಇದ್ದ ಪೆನ್‌ಡ್ರೈವನ್ನೂ ತಗೊಂಡಾಗ, ಅವನು ತಲೆ ತಗ್ಗಿಸಿ ಮೌಸ್ ಒರೆಸುತ್ತಿದ್ದ.

ಮರುವಾರ ಬಂದಳು. ಕಣ್ಣು ನಗಲಿಲ್ಲ.

“ಕೊನೇ ಎರಡು ತಿಂಗಳು ಗೌರಿ ತುಂಬು ಗಬ್ಬ. ಹಾಲು ಬತ್ತಿಸಿದ್ವಿ. ನಿಮ್ಮ ಗೆರೇಲಿ ದಿನಕ್ಕೆ ಹದಿನಾಲ್ಕು ಲೀಟರ್ ಕೊಡ್ತಾವ್ಳೆ! ನಿಮ್ಮನ್ನ ನಂಬಿ ತೆಗೆದೂ ನೋಡಿರ್ಲಿಲ್ಲ. ಸೆಮಿನಾರ್‌ನಲ್ಲಿ ಎಲ್ಲರ ಮುಂದೆ ತಲೆ ಎತ್ತಕ್ಕಾಗಿಲ್ಲ ನಂಗೆ. ಸೋಮವಾರ ಸರಿಯಾಗಿ ತೋರಿಸ್ದಿದ್ರೆ ಫೇಲು.”

ಮುನಿರಾಜುವಿನ ಕಿವಿ ಸುಟ್ಟಿತು.

“ಬರಲ್ಲ ನಂಗದು. ಕೈಯಲ್ಲೇ ಗೀಚಿದ್ದು. ಬರಲ್ಲ ಅಂದ್ರೆ ಬೇರೆ ಅಂಗಡಿಗೆ ಓಗ್ಬಿಡ್ತೀರಾ ಅಂತ…”

“ಓಗ್ತಿದ್ದೆ.” ಅವಳು ಬಾಗಿಲವರೆಗೆ ಹೋದಳು. ನಿಂತಳು. ವಾಪಸು ಬಂದು ಸ್ಟೂಲ್ ಎಳೆದಳು. “ಜರುಗಿ ಅತ್ಲಾಗೆ.”

ಕೂತು ಹುಡುಕಿ ಅವಳೇ ಕಂಡುಹಿಡಿದಳು: ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್. ಇನ್‌ಸ್ಟಾಲ್ ಆಗಿದ್ದು ಹಳೆಯದರಲ್ಲಿ, ಪ್ರೋಗ್ರಾಂ ಓಡುತ್ತಿದ್ದುದು ಹೊಸದರಲ್ಲಿ.

“ಒಂದ್ ಅಸೂಗೆ ಬೂಸಾ ಇಕ್ಕಿ, ಇನ್ನೊಂದರ ಕೆಚ್ಚಲಿಗೆ ಕೈ ಹಾಕಿದ್ರೆ ಹಾಲೆಲ್ಲಿಂದ?”

ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದಳು. ಗ್ರಾಫ್ ಬಂತು. ಕೊನೆಯ ಎರಡು ತಿಂಗಳು ಗೆರೆ ನೆಲ ಕಚ್ಚಿತ್ತು, ಅವನ ತಲೆಯ ಹಾಗೆ.

“ತಲೆ ಎತ್ತಿ. ಇನ್ನೊಂದ್ಸಲ ಸುಳ್ಳೇಳಿದ್ರೆ ನೋಡಿ.”

“ಇನ್ನೊಂದ್ಸಲ ಬರ್ತೀರಾ?”

ಅವಳು ಮತ್ತೆ ದುಪಟ್ಟಾದ ಅಂಚು ಕಚ್ಚಿದಳು. “ಗೌರಿ ಕರು ಹಾಕ್ಲಿ. ಗಿಣ್ಣು ತರ್ತೀನಿ.”

ತಂದಿದ್ದಾಳೆ. ನಾನು ತಿನ್ನುತ್ತಾ ಇದನ್ನು ಬರೆಯುತ್ತಿದ್ದರೆ, ಹೆಗಲ ಹಿಂದಿನಿಂದ ಇಣುಕಿ ಕೇಳುತ್ತಿದ್ದಾಳೆ: “ರೈಲ್ವೆ ಗೇಟಿನವರೆಗೆ ಸಾಲಾ?”

ಸುಳ್ಳು. ಅವತ್ತು ಅಂಗಡಿಗೆ ಬಂದವಳು ಅವಳೊಬ್ಬಳೇ. ಮುನಿರಾಜು ನಾನೇ. ಮಾಡಿದ್ದನ್ನು ‘ನಾನು’ ಎಂದು ಬರೆಯಲು ನಾಚಿಕೆಯಾಗಿತ್ತು.