ಯಜಮಾನರ ಶರ್ಟು

“ಲೇಡೀಸೋ, ಜೆಂಟ್ಸೋ?”

ಲಾಂಡ್ರಿಯವನು ಬಿಳಿ ಶರ್ಟನ್ನು ಬಿಡಿಸುತ್ತಾ ತಲೆಯೆತ್ತಿ ನಕ್ಕ. ಆ ನಗುವಿಗೆ ಅವಳು ಬಂದ ಕೆಲಸವನ್ನೇ ಮರೆತಳು...

ಗೋಡೆಯ ದರಪಟ್ಟಿ ಕಂಡಾಗ ಮಾತ್ರ ಮೈಯೆಲ್ಲ ಉರಿಯಿತು. ಅದೇ ಶರ್ಟು, ಅದೇ ಇಸ್ತ್ರಿ. ಹೆಂಗಸರದಾದರೆ ಹೆಚ್ಚುಕಡಿಮೆ ದುಪ್ಪಟ್ಟು! ಹೋಟೆಲಿನ ರಿಸೆಪ್ಷನ್‌ನಲ್ಲಿ ನಿಲ್ಲುವವಳಿಗೆ ದಿನಕ್ಕೊಂದು ಶರ್ಟು ಬೇಕು. ಬಟ್ಟೆ ಅಂಗಡಿಯಲ್ಲೂ ಇದೇ ಹಣೆಬರಹವೆಂದು ಅವಳು ಗಂಡಸರ ಶರ್ಟನ್ನೇ ಕೊಳ್ಳುತ್ತಿದ್ದಳು. ಗುಂಡಿ ಯಾವ ಕಡೆಗಿದ್ದರೇನು?

“ಜೆಂಟ್ಸ್. ನಮ್ಮ ಯಜಮಾನರದು,” ಎಂದುಬಿಟ್ಟಳು.

ಅವನ ನಗು ಅಲ್ಲಿಗೇ ನಿಂತಿತು.

ಆಮೇಲೆ ಅವನನ್ನು ನೋಡಲೆಂದೇ ಕೊಳೆಯಾಗದ ಶರ್ಟನ್ನೂ ತರತೊಡಗಿದಳು. ಉಳಿದ ಗಿರಾಕಿಗಳ ಜೊತೆ ಹರಟುವವನು, ಇವಳು ಬಂದರೆ ತಲೆತಗ್ಗಿಸಿ “ಹೇಳಿ ಅಕ್ಕ” ಎನ್ನುತ್ತಿದ್ದ. ಆ ‘ಅಕ್ಕ’ ಎದೆಗೇ ಚುಚ್ಚುತ್ತಿತ್ತು.

ನಾಲ್ಕು ಕಾಸು ಉಳಿಸಲು ಹೋಗಿ ಇಲ್ಲದ ಗಂಡನನ್ನು ಕಟ್ಟಿಕೊಂಡೆನಲ್ಲ! ಈಗ ನಿಜ ಹೇಳಿದರೆ ಸುಳ್ಳಿ ಎನ್ನುವುದಿಲ್ಲವೇ?

ಮನೆಗೆ ಹೋಗುವ ಬಸ್ಸಿನಲ್ಲಿ ಶರ್ಟಿನ ಪೊಟ್ಟಣವನ್ನು ಎದೆಗೊತ್ತಿಕೊಂಡು ಕೂರುತ್ತಿದ್ದಳು. ಇಸ್ತ್ರಿಯ ಬಿಸಿ ಆರುವವರೆಗೆ ಅವನು ಪಕ್ಕದಲ್ಲೇ ಇದ್ದಂತೆ... ಆರಿದ ಮೇಲೆ ಯಾರೂ ಇರುತ್ತಿರಲಿಲ್ಲ.

ಒಂದು ಸಂಜೆ ಅಂಗಡಿಯಲ್ಲಿ ಅವನ ತಾಯಿಯೂ ಇದ್ದರು.

“ಭಾನುವಾರ ಅಂಗಡಿ ಇರಲ್ಲಮ್ಮ. ಇವನಿಗೆ ಹುಡುಗಿ ನೋಡೋಕೆ ಹೋಗ್ತಿದೀವಿ. ಇವನೋ, ಯಾರನ್ನ ತೋರಿಸಿದ್ರೂ ಬೇಡ ಅಂತಾನೆ. ನಿಮ್ಮ ಯಜಮಾನರ ಕಡೆ ಯಾರಾದ್ರೂ ಇದ್ರೆ ಹೇಳಿ.”

ಅವಳ ಕಣ್ಣು ತುಂಬಿತು. ಇನ್ನು ಸುಮ್ಮನಿದ್ದರೆ ಇವನು ಶಾಶ್ವತವಾಗಿ ಕೈತಪ್ಪುತ್ತಾನೆ... ಶರ್ಟನ್ನು ಅವನ ಮುಂದಿಟ್ಟಳು.

“ಇದಕ್ಕೆ ಲೇಡೀಸ್ ರೇಟ್ ಹಾಕಿ.”

“ಯಾಕಕ್ಕ? ಜೆಂಟ್ಸ್ ಶರ್ಟಲ್ವಾ?”

“ಹಾಕ್ಕೊಳ್ಳೋಳು ನಾನು. ನನಗೆ ಯಜಮಾನನೂ ಇಲ್ಲ, ಗಿಜಮಾನನೂ ಇಲ್ಲ. ರೇಟ್ ಜಾಸ್ತಿ ಅಂತ ಸುಳ್ಳು ಹೇಳ್ದೆ.” ಅವಳು ತಲೆಯೆತ್ತಿ ಅವನನ್ನೇ ನೋಡಿದಳು. “ಭಾನುವಾರ ಹೋಗ್ಬೇಡಿ... ನೀವಂದ್ರೆ ನನಗೆ ತುಂಬಾ ಇಷ್ಟ.”

ತಾಯಿ ಏನೋ ನೆನಪಾದವರಂತೆ ಒಳಗೆ ಎದ್ದುಹೋದರು.

ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಅವಳ ಶರ್ಟಿನ ಕಾಲರನ್ನು ಬೆರಳಿನಿಂದ ನೀವಿದ.

“ಆ ಮನುಷ್ಯನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿದುಹೋಗ್ತಿತ್ತು,” ಎಂದ. “ಆದ್ರೂ ಅವನ ಶರ್ಟನ್ನೇ ಎಲ್ಲಕ್ಕಿಂತ ಚೆನ್ನಾಗಿ ಇಸ್ತ್ರಿ ಮಾಡ್ತಿದ್ದೆ.”

“ಯಾಕೆ?”

“ಒಂದು ಸುಕ್ಕು ಉಳಿದ್ರೂ ನಿಮ್ಮನ್ನ ಬೈತಾನೇನೋ ಅಂತ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಇಲ್ಲ,” ಎಂದಳು, ಕಣ್ಣೊರೆಸಿಕೊಳ್ಳುತ್ತಾ. “ಒಂದು ದಿನಾನೂ ಬೈದಿಲ್ಲ.”