ನವೆಂಬರ್ ದಾಟಿದ ಚುಕ್ಕಿಗಳು

ನಾಳೆಯಿಂದ ದಿಲೀಪ್ ಈ ಬಸ್ಸಿಗೆ ಬರುವುದಿಲ್ಲ. ಬೆಳಗ್ಗೆ ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿನ ಮೇಲೆ ಎಂದಿನಂತೆ ಕರ್ಚೀಫ್ ಹಾಕುವಾಗ ಪ್ರಮೀಳಾ ಯೋಚಿಸಿದ್ದು ಇಷ್ಟೇ.

ಪಾಂಡವಪುರದ ಕಾಲೇಜಿನಲ್ಲಿ ಅವಳು ಅರ್ಥಶಾಸ್ತ್ರ ಕಲಿಸುತ್ತಿದ್ದಳು, ದಿಲೀಪ್ ಸಂಖ್ಯಾಶಾಸ್ತ್ರ. ಹುಡುಗಿಯರು ಮೊದಲ ಪಿರಿಯಡ್ಡಿಗೆ ಯಾಕೆ ಬರುವುದಿಲ್ಲ ಎಂದು ಕಾಲೇಜಿನ ಪರವಾಗಿ ಇಬ್ಬರೂ ಅಧ್ಯಯನ ಮಾಡಿದ್ದರು. ಬಸ್ಸಿನಲ್ಲೇ ಹುಡುಗಿಯರನ್ನು ಮಾತಾಡಿಸಬೇಕೆಂದು ದಿಲೀಪ್ ನಾಗಮಂಗಲದಿಂದ ಕೆ.ಆರ್. ಪೇಟೆಗೆ ಬಂದು ಅವಳ ಬಸ್ಸು ಹಿಡಿಯತೊಡಗಿದ್ದ.

"ಇದೇ ಪ್ರಶ್ನೆ ಹೋದ ತಿಂಗ್ಳೂ ಕೇಳುದ್ರಲ್ಲ ಸಾ, ನಮ್ಮನೇಲಿ ಡೈರಿಗೆ ಹಾಲು ಹಾಕೋಳು ಇನ್ನೂ ನಾನೇಯ!" ಎಂದು ಮೇಘನ ಎಂಬ ವಿದ್ಯಾರ್ಥಿನಿ ಒಮ್ಮೆ ನಕ್ಕಿದ್ದಳು. ಎಷ್ಟು ಶ್ರದ್ಧೆಯ ಮನುಷ್ಯ ಎಂದುಕೊಂಡಿದ್ದಳು ಪ್ರಮೀಳಾ.

ನಲವತ್ತು ದಾಟಿದ ಮೇಲೆ ಮದುವೆಯ ಮಾತನ್ನು ಬಂಧುಗಳು ಬಿಟ್ಟಿದ್ದರು. ಅವಳೂ ಬಿಟ್ಟಿದ್ದಳು. ಆದರೆ ಈಚೆಗೆ ಸೀರೆಯ ನೆರಿಗೆಯನ್ನು ಎರಡು ಸಲ ಸರಿಮಾಡಿಕೊಳ್ಳುತ್ತಿದ್ದಳು. ತಾಯಿ ಅಣ್ಣಮ್ಮ ಅದನ್ನು ನೋಡಿಯೂ ನೋಡದವಳಂತೆ, "ನಿಮ್ ಮೇಷ್ಟ್ರು ಇವತ್ತೂ ಬತ್ತವ್ರಾ?" ಎನ್ನುತ್ತಿದ್ದಳು.

ಇವತ್ತು ಶ್ರೀರಂಗಪಟ್ಟಣದಲ್ಲಿ ಉನ್ನತ ಶಿಕ್ಷಣದ ಸಮ್ಮೇಳನ. ಪ್ರಬಂಧ ಮಂಡಿಸಿದರೆ ಕೆಲಸ ಮುಗಿಯಿತು.

ಮಂಡನೆ ಚೆನ್ನಾಗಿಯೇ ನಡೆಯಿತು. ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊಣೆ ಮಗಳದಾದ ಮನೆಗಳಲ್ಲೇ ಗೈರುಹಾಜರಿ ಹೆಚ್ಚು. ಮೊದಲ ಪಿರಿಯಡ್ಡನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಸಾಕು ಎಂದಳು ಪ್ರಮೀಳಾ. ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯ ಪ್ರೊಫೆಸರ್ ಒಬ್ಬರು ಕೈಯೆತ್ತಿದರು.

"ಸಮೀಕ್ಷೆ ನವೆಂಬರ್‌ಗೆ ಮುಗೀತು ಅಂತ ಬರೆದಿದೀರಿ ಮೇಡಂ. ಗ್ರಾಫಿನಲ್ಲಿ ಫೆಬ್ರವರಿವರೆಗೂ ಚುಕ್ಕಿಗಳಿವೆಯಲ್ಲ?"

ಪ್ರಮೀಳಾ ಪರದೆಯತ್ತ ತಿರುಗಿ ನೋಡಿದಳು. ಹೌದು, ಇದ್ದವು. ಗ್ರಾಫು ಮಾಡಿದವನು, ಸಮೀಕ್ಷೆಯ ವಿವರ ಬರೆದವನು ದಿಲೀಪ್. ಸಭೆಯ ಎದುರು ಅವಳ ಕಿವಿ ಬಿಸಿಯಾಯಿತು.

ದಿಲೀಪ್ ಎದ್ದು ನಿಂತ. "ತಪ್ಪು ನನ್ನದು ಸರ್. ಬೇಕಾದಷ್ಟು ಮಾಹಿತಿ ನವೆಂಬರ್‌ನಲ್ಲೇ ಸಿಕ್ಕಿತ್ತು."

"ಮತ್ತೆ ಮುಂದುವರಿಸಿದ್ದು ಯಾಕೆ?"

ಅವನು ಒಮ್ಮೆ ಅವಳ ಕಡೆ ನೋಡಿದ. "ಆ ಬಸ್ಸು ಅಭ್ಯಾಸ ಆಗಿಬಿಟ್ಟಿತ್ತು ಸರ್."

ಸಭೆ ನಕ್ಕಿತು. ಪ್ರಮೀಳಾ ನಗಲಿಲ್ಲ. "ನವೆಂಬರ್ ನಂತರದ್ದನ್ನು ಕೈಬಿಡೋಣ. ಅದಕ್ಕೂ ಮುಂಚಿನ ಚುಕ್ಕಿಗಳಲ್ಲೇ ಫಲಿತಾಂಶ ಸ್ಪಷ್ಟವಾಗಿದೆ, ನೋಡಿ," ಎಂದು ಒಂದೊಂದಾಗಿ ತೋರಿಸಿದಳು. ಪ್ರೊಫೆಸರ್ ತಲೆಯಾಡಿಸಿದರು. ಚಪ್ಪಾಳೆ ಬಿತ್ತು. ಅವಳಿಗೆ ಅದು ದೂರದಲ್ಲೆಲ್ಲೋ ಕೇಳಿಸಿತು.

ಊಟದ ಹೊತ್ತಿನಲ್ಲಿ ಅವಳು ಬೇರೆ ಮೇಜಿಗೆ ಹೋಗಿ ಕುಳಿತಳು. ಸಂಜೆ ಬಸ್ ನಿಲ್ದಾಣದಲ್ಲಿ ಅವನೇ ಹತ್ತಿರ ಬಂದ.

"ಕೋಪ ಬಂದದಾ ಮೇಡಂ?"

"ಬರ್ದೆ ಏನು? ಅಷ್ಟು ಜನದ ಮುಂದೆ ನನ್ನ ಕೆಲ್ಸ ಸುಳ್ಳು ಅನ್ನಿಸ್ಕೊಳ್ಬೇಕಾಗಿತ್ತಲ್ರೀ."

"ನಿಮ್ಮ ಕೆಲ್ಸ ಸುಳ್ಳಲ್ಲ. ಸಮೀಕ್ಷೆ ಇನ್ನೂ ಮುಗ್ದಿಲ್ಲ ಅಂತ ನಾನು ನಿಮ್ಗೆ ಹೇಳ್ತಿದ್ದದ್ದು ಸುಳ್ಳು."

"ನಾಗಮಂಗಲದಿಂದ ನೆಟ್ಟಗೆ ಪಾಂಡವಪುರಕ್ಕೆ ದಾರಿ ಇಲ್ವಾ? ಕೆ.ಆರ್. ಪೇಟೆ ಸುತ್ಕೊಂಡು ಬರೋಕೆ ಹುಚ್ಚೇನ್ರೀ ನಿಮ್ಗೆ?"

"ಮೊದ್ಲು ಇರ್ಲಿಲ್ಲ." ಅವನು ತನ್ನ ಚಪ್ಪಲಿ ನೋಡಿಕೊಂಡ. "ಮುಗೀತು ಅಂದ್ರೆ ಸೀಟಿನ ಮೇಲೆ ಕರ್ಚೀಫ್ ಹಾಕೋದು ನಿಲ್ಲಿಸ್ತೀರಿ ಅಂತ ಭಯ ಆಯ್ತು. ನಿಮ್ಮನ್ನ ಕಂಡ್ರೆ ನಂಗೆ ಇಷ್ಟ ಕಣ್ರೀ. ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಮೇಘನಳನ್ನ ಹಾಲಿನ ಲೆಕ್ಕ ಕೇಳ್ತಾ ಕೂತೆ."

ತಡೆದರೂ ಪ್ರಮೀಳಾಗೆ ನಗು ಬಂತು. ಪಾಪ, ಆ ಹುಡುಗಿ. ನಗುವಿನ ಹಿಂದೆಯೇ ಕಣ್ಣು ತುಂಬಿದ್ದು ಮಾತ್ರ ಅವಳಿಗೇ ಆಶ್ಚರ್ಯ. ಇಷ್ಟು ವರ್ಷ ತನಗಾಗಿ ಯಾರೂ ಒಂದು ಊರು ಸುತ್ತಿಕೊಂಡು ಬಂದಿರಲಿಲ್ಲ.

"ಭಾನುವಾರ ಮನೆಗೆ ಬನ್ನಿ," ಎಂದಳು. "ಅವ್ವ ನೂರು ಪ್ರಶ್ನೆ ಕೇಳ್ತಾಳೆ. ಬಸ್ಸು ಅಭ್ಯಾಸ ಆಗಿತ್ತು ಅನ್ಬೇಡಿ ಮತ್ತೆ."

"ಏನನ್ಲಿ?"

"ಈಗ ನಂಗೆ ಹೇಳಿದ್ರಲ್ಲ, ಅದ್ನೇ ಹೇಳಿ."

ಬಸ್ಸು ಬಂತು. ಸಮ್ಮೇಳನ ಮುಗಿಸಿದವರೆಲ್ಲ ಬಾಗಿಲಿಗೆ ನುಗ್ಗಿದರು. "ಮೇಡಂ, ಬೇಗ ಹತ್ಕೊಳ್ಳಿ!" ಎಂದು ಸಹೋದ್ಯೋಗಿಯೊಬ್ಬರು ಕೂಗಿದರು. ಪ್ರಮೀಳಾ ಅವಸರಪಡಲಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಕಿಟಕಿಯೊಳಗೆ ಕೈ ಹಾಕಿ, ಇಬ್ಬರು ಕೂರುವ ಸೀಟಿನ ಮೇಲೆ ಕರ್ಚೀಫನ್ನು ಅಗಲವಾಗಿ ಹಾಸಿದಳು.